ಓಟ ನಿಂತ ಮೇಲಿನ 10 ನಿಮಿಷ

ಶಾಲೆಯ ಓಟದ ಪಂದ್ಯದಲ್ಲಿ ಗೆರೆ ದಾಟುವಾಗ ನಾನು ಚೆನ್ನಾಗಿಯೇ ಇದ್ದೆ. ಐದು ನಿಮಿಷ ಕಳೆದ ಮೇಲೆ ಎದೆ ಬಿಗಿಯಿತು. ಉಸಿರು ಬಿಟ್ಟಾಗಲೆಲ್ಲ ಒಳಗೆಲ್ಲೋ ಸಣ್ಣ ಸಿಳ್ಳೆ. ಆಮೇಲೆ ಒಂದೇ ಸಮ ಕೆಮ್ಮು. "ಅಭ್ಯಾಸ ಇಲ್ಲ, ಅದಕ್ಕೇ ದಮ್ಮು" ಅಂದರು ಮೇಷ್ಟ್ರು. ನಾನೂ ಅದನ್ನೇ ನಂಬಿದೆ. ಮುಂದೆ 20 ವರ್ಷ ಓಡಲೇ ಇಲ್ಲ.

ಕೊನೆಗೆ ಡಾಕ್ಟರೊಬ್ಬರು ಕೇಳಿದರು: "ದಮ್ಮು ಜಾಸ್ತಿ ಆಗೋದು ಓಡುವಾಗಲೋ, ನಿಂತ ಮೇಲೋ?" ಅಲ್ಲಿಯವರೆಗೆ ಯಾರೂ ಇದನ್ನು ಕೇಳಿರಲಿಲ್ಲ. ಸುಮ್ನೆ ಸುಸ್ತಾದವರ ಏದುಸಿರು ನಿಂತ ಕೂಡಲೇ ಇಳಿಯತೊಡಗುತ್ತದೆ. ನನ್ನಂಥ ಅಸ್ತಮಾದವರಿಗೆ ಹೆಚ್ಚಾಗಿ ಆಗಲೇ ಏರುತ್ತದೆ. 5ರಿಂದ 10 ನಿಮಿಷದಲ್ಲಿ ಜೋರಾಗಿ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ ತಗ್ಗುತ್ತದೆ. ಜೋರಾಗಿ ಓಡುವಾಗ ಬಾಯಲ್ಲಿ ಉಸಿರಾಡುತ್ತೇವೆ ಅಲ್ವಾ? ಮೂಗಿನ ಹಾಗೆ ಬಾಯಿ ಗಾಳಿಯನ್ನು ಬೆಚ್ಚಗೆ, ತೇವ ಮಾಡಿ ಕಳಿಸುವುದಿಲ್ಲ. ಉಸಿರಿನ ಕೊಳವೆಗಳ ಒಳಗೋಡೆ ಒಣಗುತ್ತದೆ, ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ. ಚಳಿಗಾಳಿಯಲ್ಲಿ ಇದು ಇನ್ನೂ ಜಾಸ್ತಿ. ಅದಕ್ಕೇ ಚಳಿ ಇದ್ದ ದಿನ ಮೂಗು, ಬಾಯಿ ಮುಚ್ಚುವಂತೆ ಬಟ್ಟೆ ಸುತ್ತಿಕೊಳ್ಳುತ್ತೇನೆ.

ಈಗ ಓಟಕ್ಕೆ ಹೊರಡುವ ಕಾಲು ಗಂಟೆ ಮುಂಚೆ, ಡಾಕ್ಟರ್ ಹೇಳಿದಷ್ಟು ನೀಲಿ ಇನ್ಹೇಲರ್, ಅಂದರೆ ಬಿಗಿದ ಕೊಳವೆಗಳನ್ನು ಬೇಗ ಸಡಿಲಿಸುವ, ಉಸಿರಲ್ಲಿ ಎಳೆದುಕೊಳ್ಳುವ ಔಷಧಿ. ಅದನ್ನು ಎಳೆದುಕೊಳ್ಳುವ ರೀತಿಯನ್ನೇ ನಾನು ಎಷ್ಟೋ ವರ್ಷ ತಪ್ಪು ಮಾಡುತ್ತಿದ್ದೆ. ಔಷಧಿಯೆಲ್ಲ ನಾಲಿಗೆ ಮೇಲೇ ಉಳಿಯುತ್ತಿತ್ತು. ಈಗ ಚೆನ್ನಾಗಿ ಅಲುಗಿಸುತ್ತೇನೆ, ಸ್ಪೇಸರ್‌ಗೆ (ಔಷಧಿ ಬಾಯಲ್ಲೇ ಉಳಿಯದೆ ಎದೆಗೆ ಇಳಿಯಲು ನೆರವಾಗುವ ಟೊಳ್ಳು ಕೊಳವೆ) ಸಿಕ್ಕಿಸುತ್ತೇನೆ, ಎದೆಯ ಗಾಳಿ ಪೂರ್ತಿ ಬಿಡುತ್ತೇನೆ. ಒಂದು ಸಲ ಒತ್ತಿ ನಿಧಾನವಾಗಿ ಒಳಗೆಳೆದುಕೊಂಡು, ಉಸಿರು ಹಿಡಿದು ಮನಸ್ಸಲ್ಲೇ ಹತ್ತು ಎಣಿಸುತ್ತೇನೆ. ಎರಡನೆಯದಕ್ಕೆ ಮತ್ತೆ ಮೊದಲಿಂದ.

ಆಮೇಲೆ 15 ನಿಮಿಷ ಬಿರುಸು ನಡಿಗೆ, ನಡುನಡುವೆ ಅರ್ಧ ನಿಮಿಷದ ಓಟ. ಹೀಗೆ ಮೈ ಬಿಸಿ ಮಾಡಿಕೊಂಡರೆ ಎಷ್ಟೋ ಜನರಿಗೆ ಮುಂದಿನ ಒಂದೆರಡು ಗಂಟೆ ಕೊಳವೆಗಳು ಅಷ್ಟಾಗಿ ಬಿಗಿಯುವುದಿಲ್ಲ. ಕೊನೆಯಲ್ಲೂ ಗಕ್ಕನೆ ನಿಲ್ಲುವುದಿಲ್ಲ, ಹತ್ತು ನಿಮಿಷ ನಡೆಯುತ್ತೇನೆ. ನೆಗಡಿ, ಹೊಗೆ, ಧೂಳು ಇದ್ದ ದಿನ ಓಟಕ್ಕೆ ರಜೆ.

ಒಮ್ಮೆ ಬ್ಯಾಗನ್ನು ಮೈದಾನದ ಆ ತುದಿಯಲ್ಲಿಟ್ಟು ಓಡಿದ್ದೆ. ಈ ತುದಿಯಲ್ಲಿ ಉಸಿರು ಕಟ್ಟಿತು. ಆ ದೂರ ನಡೆದದ್ದು ಇವತ್ತಿಗೂ ಮರೆತಿಲ್ಲ. ಜೊತೆಗಿದ್ದವಳು ಪಾಪ, "ಮಲಗಿಕೋ" ಅಂದಳು. ಮಲಗಬಾರದು. ನೆಟ್ಟಗೆ ಕೂರಬೇಕು. ಇನ್ಹೇಲರ್ ತೆಗೆದುಕೊಂಡರೂ ಇಳಿಯದಿದ್ದರೆ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಕಾಯದೆ ಆಸ್ಪತ್ರೆಗೆ ಹೋಗಬೇಕು. ಅಂದಿನಿಂದ ಇನ್ಹೇಲರ್ ನನ್ನ ಜೇಬಲ್ಲೇ ಇರುತ್ತದೆ.

ನೀಲಿ ಇನ್ಹೇಲರ್ ಇದೆಯಲ್ಲ ಅಂತ ದಿನದ ಔಷಧಿಯನ್ನು ಮಾತ್ರ ಬಿಡಬೇಡಿ. ಒಳಗಿನ ಊತ ತಗ್ಗಿಸುವುದು ಅದೇ. ನಾನು 'ಆರಾಮಿದ್ದೇನಲ್ಲ' ಅಂತ ಬಿಟ್ಟು ಎರಡು ತಿಂಗಳು ಕಷ್ಟಪಟ್ಟೆ. ಓಟದ ಮುಂಚಿನದ್ದು ಬಿಟ್ಟು, ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ನೀಲಿ ಬೇಕಾದರೆ ಡಾಕ್ಟರಿಗೆ ಹೇಳಿ.

ಬ್ರಿಟನ್ನಿನ ಓಟಗಾರ್ತಿ ಪೌಲಾ ರಾಡ್‌ಕ್ಲಿಫ್ ಅವರಿಗೂ ಅಸ್ತಮಾ. 2003ರ ಲಂಡನ್ ಮ್ಯಾರಥಾನನ್ನು ಅವರು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿದರು. ಮಹಿಳೆಯರ ಆ ವಿಶ್ವದಾಖಲೆ 16 ವರ್ಷ ನಿಂತಿತು. ನಾನು ಓಡುವುದು 4 ಕಿಲೋಮೀಟರ್. ನನಗೆ ಅಷ್ಟು ಸಾಕು.

ಪಿಟಿ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಓಡಿ ಬಂದು ಕೂತ ಮಗು ಐದು ನಿಮಿಷದ ಮೇಲೆ ಕೆಮ್ಮಲು ಶುರು ಮಾಡಿದರೆ ಅಭ್ಯಾಸ ಇಲ್ಲ ಅನ್ನಬೇಡಿ. ಹತ್ತಿರ ಕೂತು ಅದರ ಉಸಿರು ಕೇಳಿಸಿಕೊಳ್ಳಿ, ಮನೆಯವರಿಗೆ ಹೇಳಿ ಕಳಿಸಿ.