ಮೇಷ್ಟ್ರಿಗೆ ಜಗಲಿಯಲ್ಲಿ ಹೇಳಿದ್ದು, ಹೇಳದೆ ಉಳಿದದ್ದು

ಈ ಸಲ ಆಗಸ್ಟ್ 14ರ ಸಂಜೆ ನಮ್ಮ ಪಿ.ಟಿ. ಮೇಷ್ಟ್ರು ಮನೆಗೆ ಬಂದರು. ನಾನು ರಜೆಗೆ ಊರಿಗೆ ಬಂದು ನಾಲ್ಕು ದಿನ ಆಗಿತ್ತು. ಆಗುಂಬೆ ಕಡೆಯ ಮಳೆ, ನಾಲ್ಕು ದಿನವೂ ಬಿಟ್ಟಿರಲಿಲ್ಲ. ಮೇಷ್ಟ್ರು ಕೊಡೆ ಮಡಚಿ ಜಗಲಿಯ ಮೂಲೆಗೆ ಒರಗಿಸಿದರು. ಕಾಲು ತೊಳೆದುಕೊಂಡರು. ಕೂತ ತಕ್ಷಣ ಕೇಳಿದ್ದು ಇದನ್ನೇ.

"ಏನೋ ಮಾರಾಯ, ನಿಮ್ಮ ಅಮೆರಿಕದಲ್ಲಿ ಆಟಗಾರರು ರಾಷ್ಟ್ರಗೀತೆಗೆ ಎದ್ದು ನಿಲ್ಲೋದಿಲ್ವಂತೆ? ಮೊಮ್ಮಗ ಮೊಬೈಲಲ್ಲಿ ತೋರಿಸಿದ. ಮಂಡಿಯೂರಿ ಕೂತಿದ್ದಾರೆ. ಅಲ್ಲಿ ಹೇಳೋರು ಕೇಳೋರು ಯಾರೂ ಇಲ್ವಾ?"

ಈ ಪ್ರಶ್ನೆ ಬೇರೆ ಯಾರಾದರೂ ಕೇಳಿದ್ದರೆ ಎರಡು ಮಾತಲ್ಲಿ ಮುಗಿಸುತ್ತಿದ್ದೆ. ಕೇಳಿದವರು ಮೇಷ್ಟ್ರು. ಬಾವುಟ ಅಂದರೆ ಏನು ಅಂತ ನನಗೆ ಕಲಿಸಿದವರೇ ಅವರು.

ಆಗೆಲ್ಲ ಆಗಸ್ಟ್ 15ರ ಹಿಂದಿನ ದಿನ ಬಾವುಟವನ್ನು ಮೇಷ್ಟ್ರೇ ಇಸ್ತ್ರಿ ಮಾಡುತ್ತಿದ್ದರು, ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯಲ್ಲಿ. ಕಿಡಿ ಹಾರಬಾರದು ಅಂತ ಬಾವುಟದ ಮೇಲೊಂದು ಒದ್ದೆ ಪಂಚೆ ಹಾಸುತ್ತಿದ್ದರು. ನಾವು ಹಿತ್ತಿಲಿನಿಂದ ಡೇರೆ ಹೂ ಕಿತ್ತು ತಂದು ಎಸಳು ಬಿಡಿಸಿ ಕೊಡಬೇಕಿತ್ತು. ಅದನ್ನು ಒಳಗಿಟ್ಟು ಬಾವುಟ ಮಡಚಿ ಗಂಟು ಹಾಕುವ ಕೆಲಸ ಅವರದ್ದು ಮಾತ್ರ. ಒಂದೇ ಎಳೆತಕ್ಕೆ ಬಿಚ್ಚಬೇಕು, ಮೊದಲೇ ಸಡಿಲವೂ ಆಗಬಾರದು. ನಮ್ಮ ಕಡೆ ಆ ಹೊತ್ತಿಗೆ ಮಳೆ ಇದ್ದೇ ಇರುತ್ತದೆ. ಒದ್ದೆಯಾದ ಖಾದಿ ಹಾರೋದಿಲ್ಲ, ಕಂಬಕ್ಕೆ ಅಂಟಿಕೊಳ್ಳುತ್ತದೆ. ಸಂಜೆ ಇಳಿಸಿದ ಮೇಲೆ ಮೇಷ್ಟ್ರು ಅದನ್ನು ಮನೆಗೆ ಒಯ್ದು ಬಚ್ಚಲ ಒಲೆಯ ಬಿಸಿಗೆ ಒಣಗಿಸುತ್ತಿದ್ದರು. ಹೊಗೆ ತಾಗದಷ್ಟು ದೂರದಲ್ಲಿ ಹಗ್ಗ ಕಟ್ಟಿ, ಪಕ್ಕದಲ್ಲೇ ಮಣೆ ಹಾಕಿ ಕೂರುತ್ತಿದ್ದರು. ಅವತ್ತು ಆ ಹಗ್ಗದ ಮೇಲೆ ಬೇರೆ ಬಟ್ಟೆ ಹಾಕುವ ಹಾಗಿರಲಿಲ್ಲ.

ಇನ್ನು ರಾಷ್ಟ್ರಗೀತೆ. 52 ಸೆಕೆಂಡು ಅಲುಗಾಡಬಾರದು. ಐದನೇ ಕ್ಲಾಸಿನಲ್ಲಿ ಒಮ್ಮೆ ಗೀತೆ ಶುರುವಾದಾಗಲೇ ನನ್ನ ಕಾಲಿಗೆ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ, ಹತ್ತಿತು. ಅದು ಪಾದದಿಂದ ಮೇಲೆ ಮೇಲೆ ಹೋಗುವುದು ಗೊತ್ತಾಗುತ್ತಿತ್ತು. ಮೊಣಕಾಲ ಹಿಂದೆ ನಿಂತು ಕಚ್ಚಿತು. ನಾನು ಅಲುಗಲಿಲ್ಲ. ಗೀತೆ ಮುಗಿದ ಮೇಲೆ ಮೇಷ್ಟ್ರು ರಕ್ತ ನೋಡಿ ಬೆನ್ನು ತಟ್ಟಿ "ಭೇಷ್" ಅಂದರು. ಅವರು ಯಾರಿಗೂ ಸುಮ್ನೆ ಹಾಗೆ ಹೇಳುವವರಲ್ಲ. ಗೌರವ ಅಂದರೆ ಅದು ಅಂತ ಅವತ್ತು ಮನಸ್ಸಿಗೆ ಹೋಯಿತು. ಕಚ್ಚಿದರೂ ನಿಲ್ಲಬೇಕು.

ಅದೇ ಮನಸ್ಸು ಇಟ್ಟುಕೊಂಡು ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಹೋದವನು. 2016ರಲ್ಲಿ ಆಫೀಸಿನವರ ಜೊತೆ ಪಕ್ಕದ ಸಾಂತಾ ಕ್ಲಾರಾದ ಸ್ಟೇಡಿಯಂನಲ್ಲಿ ಒಂದು ಫುಟ್‌ಬಾಲ್ ಪಂದ್ಯ ನೋಡಿದೆ. ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ, ಅವರ ಹೆಲ್ಮೆಟ್ ಹಾಕಿದ ಫುಟ್‌ಬಾಲ್. ಗೀತೆ ಶುರುವಾಯಿತು. ಎಲ್ಲರೂ ಎದ್ದು ಎದೆಯ ಮೇಲೆ ಕೈ ಇಟ್ಟರು. ಕೆಳಗೆ ಗೆರೆಯ ಹತ್ತಿರ ಕೆಂಪು ಜರ್ಸಿಯ 7ನೇ ನಂಬರಿನವನು ಒಂದು ಮಂಡಿ ಊರಿ ಕೂತಿದ್ದ. ಕಾಲಿನ್ ಕ್ಯಾಪರ್ನಿಕ್. ನನಗೆ ಮೈ ಉರಿಯಿತು. ನಿಜ ಹೇಳುತ್ತೇನೆ, ಆ ಕ್ಷಣ ಮೇಷ್ಟ್ರ ಬೆತ್ತವೇ ನೆನಪಾಯಿತು. ದೇಶ ಇಷ್ಟೆಲ್ಲ ಕೊಟ್ಟಿದೆ, ಎರಡು ನಿಮಿಷ ನಿಲ್ಲೋದಕ್ಕೆ ಏನು ಕಷ್ಟ ಅನ್ನಿಸಿತು.

ಇಷ್ಟನ್ನು ಹೇಳಿದಾಗ ಮೇಷ್ಟ್ರು "ಮತ್ತೆ?" ಅಂದರು, ನಾನು ಅವರ ಕಡೆಗೇ ಇದ್ದೇನೆ ಅನ್ನುವ ಸಮಾಧಾನದಲ್ಲಿ.

ಮತ್ತೆ ಆಗಿದ್ದು ಇದು. ನಮ್ಮ ಆಫೀಸಿನಲ್ಲಿ ಒಬ್ಬರು ಹಿರಿಯರಿದ್ದಾರೆ, ಕಪ್ಪು ಜನಾಂಗದವರು. ಆ ವರ್ಷ ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ನಮ್ಮನ್ನು ಮನೆಗೆ ಕರೆದಿದ್ದರು. ಅವರ ಹಜಾರದ ಗೋಡೆಯಲ್ಲಿ ತ್ರಿಕೋನ ಆಕಾರದ ಮರದ ಪೆಟ್ಟಿಗೆ, ಮುಂದೆ ಗಾಜು. ಒಳಗೆ ಅಮೆರಿಕದ ಬಾವುಟ, ಪಟ್ಟೆಗಳೆಲ್ಲ ಒಳಗೆ ಹೋಗಿ ನೀಲಿ ಮತ್ತು ನಕ್ಷತ್ರ ಮಾತ್ರ ಕಾಣುವ ಹಾಗೆ ಮಡಚಿದ್ದು. ಸೈನ್ಯದಲ್ಲಿ ಇದ್ದವರು ಸತ್ತರೆ ಶವಪೆಟ್ಟಿಗೆಯ ಮೇಲೆ ಹೊದಿಸಿದ ಬಾವುಟವನ್ನು ಹೀಗೆ ಮಡಚಿ ಮನೆಯವರ ಕೈಗೆ ಕೊಡುತ್ತಾರೆ. ಇದು ಅವರ ತಂದೆಯದ್ದು, ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವರು. ಗಾಜಿನ ಮೇಲೆ ಒಂದು ಕಣ ಧೂಳಿರಲಿಲ್ಲ. ನಾನು ಕ್ಯಾಪರ್ನಿಕ್ ಮಾತು ತೆಗೆದೆ. ಅವರು ದನಿ ಏರಿಸಲಿಲ್ಲ. "ನಮ್ಮಪ್ಪ ಈ ಬಾವುಟಕ್ಕೆ ಹೋರಾಡಿ ಬಂದರು. ವಾಪಸು ಬಂದ ಮೇಲೆ ಈ ಊರಲ್ಲಿ ಅವರಿಗೆ ಬಾಡಿಗೆಗೆ ಮನೆ ಕೊಡಲಿಲ್ಲ. ನನ್ನ ಮಗ ಈಗ ಕಾರು ಓಡಿಸಲು ಕಲಿಯುತ್ತಿದ್ದಾನೆ. ಬ್ರೇಕ್ ಹಿಡಿಯುವುದಕ್ಕಿಂತ ಮೊದಲು, ಪೊಲೀಸರು ನಿಲ್ಲಿಸಿದರೆ ಕೈ ಎಲ್ಲಿ ಇಡಬೇಕು ಅಂತ ಕಲಿಸಿದೆ. ಆ ಹುಡುಗ ಮೈದಾನದಲ್ಲಿ ಕೂತಿರುವುದು ನನ್ನ ಮಗನಿಗಾಗಿ" ಅಂದರು.

ಅವತ್ತು ರಾತ್ರಿ ಮನೆಗೆ ಬಂದು ಓದಲು ಕೂತೆ. ಕ್ಯಾಪರ್ನಿಕ್ ಮೊದಲು ಬೆಂಚಿನ ಮೇಲೆ ಕೂತೇ ಇರುತ್ತಿದ್ದ. ಪೊಲೀಸರ ಕೈಯಲ್ಲಿ ಕಪ್ಪು ಜನ ಸಾಯುತ್ತಿರುವುದಕ್ಕೆ ಆ ಪ್ರತಿಭಟನೆ. ಆಗ ನೇಟ್ ಬಾಯರ್ ಎನ್ನುವ ಮಾಜಿ ಸೈನಿಕ, ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ ಕೆಲಸ ಮಾಡಿದವನು, ತನಗೆ ನೋವಾಗಿದೆ ಎಂದು ಬಹಿರಂಗ ಪತ್ರ ಬರೆದ. ಇಬ್ಬರೂ ಕೂತು ಮಾತಾಡಿದರು. ಕೂರಬೇಡ, ಮಂಡಿಯೂರು, ಸೈನಿಕರು ಸತ್ತ ಗೆಳೆಯನ ಸಮಾಧಿಯ ಮುಂದೆ ಹಾಗೆ ಮಂಡಿಯೂರುತ್ತಾರೆ ಎಂದು ಹೇಳಿಕೊಟ್ಟವನೇ ಆ ಸೈನಿಕ. 2016ರ ಸೆಪ್ಟೆಂಬರ್ 1ರಂದು ಸ್ಯಾನ್ ಡಿಯಾಗೊದಲ್ಲಿ ಕ್ಯಾಪರ್ನಿಕ್ ಮೊದಲ ಸಲ ಮಂಡಿಯೂರಿದಾಗ, ಎರಿಕ್ ರೀಡ್ ಎನ್ನುವ ಆಟಗಾರನೂ ಜೊತೆಗೆ ಮಂಡಿಯೂರಿದ. ಬಾಯರ್ ಪಕ್ಕದಲ್ಲೇ ಎದೆಯ ಮೇಲೆ ಕೈ ಇಟ್ಟು ನಿಂತಿದ್ದ. ಒಬ್ಬ ನಿಂತು, ಒಬ್ಬ ಮಂಡಿಯೂರಿ, ಒಂದೇ ಬಾವುಟದ ಮುಂದೆ. ಮೊಬೈಲಿನ ತುಣುಕಿನಲ್ಲಿ ಇದು ಬರೋದಿಲ್ಲ.

ಕ್ಯಾಪರ್ನಿಕ್ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳೋದಿಲ್ಲ. ಅಭ್ಯಾಸದ ವೇಳೆ ಪೊಲೀಸರನ್ನು ಹಂದಿಗಳ ಹಾಗೆ ತೋರಿಸುವ ಕಾಲುಚೀಲ ಹಾಕಿದ್ದ, ಅದು ತಪ್ಪು. ಆದರೆ ಮಂಡಿಯೂರಿದ್ದಕ್ಕೆ ಅವನು ಬೆಲೆ ತೆತ್ತ. ಆ ಸೀಸನ್ ಮುಗಿದ ಮೇಲೆ ಯಾವ ತಂಡವೂ ಅವನನ್ನು ಆಡಿಸಲಿಲ್ಲ. ಆಗ ಅವನಿಗೆ 29 ವರ್ಷ.

ಮೇಷ್ಟ್ರು ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೇಳುತ್ತಿದ್ದರು. ನಾನು ಈಸೂರಿನ ಮಾತು ತೆಗೆದೆ. ನಮ್ಮ ಅಮ್ಮನ ತವರು ಶಿಕಾರಿಪುರದ ಕಡೆ, ಈಸೂರಿನ ಕಥೆ ಕೇಳಿಕೊಂಡೇ ಬೆಳೆದವನು ನಾನು. 1942ರಲ್ಲಿ ಆ ಊರಿನವರು ವೀರಭದ್ರೇಶ್ವರ ದೇವಸ್ಥಾನದ ಮೇಲೆ ಬಾವುಟ ಹಾರಿಸಿ, ನಮ್ಮೂರು ಸ್ವತಂತ್ರ ಅಂತ ಸಾರಿದರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಅಂದರು. ಗಲಾಟೆಯಲ್ಲಿ ಅಮಲ್ದಾರರೂ ಒಬ್ಬ ಪೊಲೀಸ್ ಅಧಿಕಾರಿಯೂ ಸತ್ತರು. 1943ರ ಮಾರ್ಚಿನಲ್ಲಿ ಆ ಊರಿನ ಐದು ಜನರನ್ನು ಗಲ್ಲಿಗೇರಿಸಿದರು. ಇವತ್ತು ನಾವು ಅಲುಗಾಡದೆ ನೆಟ್ಟಗೆ ನಿಂತು ವಂದಿಸುವ ಬಾವುಟ ಹುಟ್ಟಿದ್ದೇ ಪ್ರತಿಭಟನೆಯಲ್ಲಿ ಅಲ್ವಾ ಸಾರ್ ಅಂದೆ.

"ಅದು ಪರದೇಶದವರ ಆಳ್ವಿಕೆ ವಿರುದ್ಧ. ಇವನು ತನ್ನದೇ ದೇಶದ ಬಾವುಟಕ್ಕೆ ಹೀಗೆ ಮಾಡಿದ್ದಾನೆ. ಎರಡೂ ಒಂದೇ ಹೇಗಾಗ್ತದೆ?" ಅಂದರು ಮೇಷ್ಟ್ರು. ಒಳ್ಳೆಯ ಪ್ರಶ್ನೆ. ನನಗೂ ಬಹಳ ದಿನ ಇದು ಕಾಡಿತ್ತು.

ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. 1951, ಸಾಗರದ ಹತ್ತಿರದ ಕಾಗೋಡು. ಸ್ವಾತಂತ್ರ್ಯ ಬಂದು ನಾಲ್ಕು ವರ್ಷ ತುಂಬಿರಲಿಲ್ಲ. ಗೇಣಿ ಭತ್ತ ಅಳೆಯುವ ಕೊಳಗ ಒಡೆಯರ ಮನೆಯಲ್ಲಿ ದೊಡ್ಡದು, ಅಳತೆ ನ್ಯಾಯವಾಗಿರಲಿ ಅಂತ ಗೇಣಿದಾರರು ಕೇಳಿದರು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಜೈಲಿಗೆ ಹಾಕಿದ್ದು ನಮ್ಮದೇ ಸರ್ಕಾರ. ಆ ಗೇಣಿದಾರರಿಗೆ ದೇಶದ ಮೇಲೆ ಪ್ರೀತಿ ಇರಲಿಲ್ಲ ಅಂತ ನಮ್ಮ ಕಡೆ ಇವತ್ತು ಯಾರಾದರೂ ಹೇಳುತ್ತಾರಾ? ದೇಶ ನಮ್ಮದು ಅನ್ನಿಸಿದ್ದಕ್ಕೇ ಅವರು ಕೇಳಿದ್ದು. ಆ ಕೊಳಗದ ಮಾತು ಬಂದಾಗ ಮೇಷ್ಟ್ರು ಬಾಯಲ್ಲಿದ್ದ ಎಲೆ ಉಗಿದು ಬಂದರು. ಅವರ ಅಪ್ಪನೂ ಗೇಣಿ ಮಾಡಿದವರು. ಅದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು, ಅಮ್ಮ ಊಟಕ್ಕೆ ಎಬ್ಬಿಸಿದರು. ಹೇಳದೆ ಉಳಿದದ್ದು ಇನ್ನೂ ಇದೆ, ಇಲ್ಲಿ ಬರೆಯುತ್ತೇನೆ.

ಗೀತೆಯ ವೇಳೆ ನಿಂತು ಎದೆಯ ಮೇಲೆ ಕೈ ಇಡಬೇಕು ಅಂತ ಅಮೆರಿಕದ ಕಾನೂನಿನಲ್ಲೂ ಬರೆದಿದೆ, ಆದರೆ ನಿಲ್ಲದಿದ್ದರೆ ಶಿಕ್ಷೆ ಇಲ್ಲ. ಬಾವುಟಕ್ಕೆ ವಂದಿಸು ಅಂತ ಶಾಲಾ ಮಕ್ಕಳನ್ನು ಒತ್ತಾಯಿಸುವ ಹಾಗಿಲ್ಲ ಎಂದು ಅವರ ಸುಪ್ರೀಂ ಕೋರ್ಟ್ 1943ರಲ್ಲೇ ಹೇಳಿತು, ಮಹಾಯುದ್ಧ ನಡೆಯುತ್ತಿದ್ದಾಗಲೇ. ಈಸೂರಿನವರನ್ನು ಗಲ್ಲಿಗೇರಿಸಿದ ವರ್ಷವೇ ಅದು. ನಮ್ಮಲ್ಲೂ ಕೇರಳದ ಮೂವರು ಮಕ್ಕಳು ಗೀತೆಗೆ ಎದ್ದು ನಿಲ್ಲುತ್ತಿದ್ದರು, ತಮ್ಮ ಧರ್ಮದ ನಂಬಿಕೆಯಿಂದಾಗಿ ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಹಾಕಿದರು. 1986ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅವರನ್ನು ವಾಪಸು ಸೇರಿಸಿಕೊಳ್ಳಿ ಅಂದಿತು. ಗೌರವದಿಂದ ನಿಂತರೆ ಸಾಕು, ಹಾಡದಿರುವುದು ಅವಮಾನವಲ್ಲ ಎಂದಿತು. ಆ ತೀರ್ಪು ನನಗೆ ಹೆಮ್ಮೆ.

ಇನ್ನೊಂದು, ನಮ್ಮ ಮನೆಯ ಹತ್ತಿರದ್ದು. ಸ್ಯಾನ್ ಹೋಸೆಯ ವಿಶ್ವವಿದ್ಯಾಲಯದ ಆವರಣದಲ್ಲಿ 2005ರಲ್ಲಿ ಇಟ್ಟ ಒಂದು ಪ್ರತಿಮೆ ಇದೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟದ ಪದಕ ಪಡೆಯುವಾಗ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ತಲೆ ತಗ್ಗಿಸಿ, ಕಪ್ಪು ಕೈಗವಸಿನ ಮುಷ್ಟಿ ಎತ್ತಿ ನಿಂತರಲ್ಲ, ಅದು. ಇಬ್ಬರೂ ಅಲ್ಲೇ ಓದಿದವರು. ಕಾಲಲ್ಲಿ ಬೂಟಿಲ್ಲ, ಬರೀ ಕಪ್ಪು ಕಾಲುಚೀಲ, ತಮ್ಮ ಜನರ ಬಡತನದ ಗುರುತು. ಎರಡನೇ ಸ್ಥಾನದ ಮೆಟ್ಟಿಲು ಮಾತ್ರ ಖಾಲಿ. ಅಲ್ಲಿ ನಿಂತಿದ್ದವನು ಪೀಟರ್ ನಾರ್ಮನ್, ಆಸ್ಟ್ರೇಲಿಯಾದ ಬಿಳಿಯ. ಅವರ ಬೆಂಬಲಕ್ಕೆ ಅವರದೇ ಬ್ಯಾಡ್ಜು ಹಾಕಿ ನಿಂತವನು. ನನ್ನ ಪ್ರತಿಮೆ ಬೇಡ, ಜಾಗ ಖಾಲಿ ಬಿಡಿ, ಯಾರು ಬೇಕಾದರೂ ಬಂದು ನಿಲ್ಲಲಿ ಅಂದನಂತೆ. 2006ರಲ್ಲಿ ಅವನು ತೀರಿಕೊಂಡಾಗ ಸ್ಮಿತ್ ಮತ್ತು ಕಾರ್ಲೋಸ್ ಹೋಗಿ ಹೆಗಲು ಕೊಟ್ಟರು. ನನ್ನ ಮಗಳು ಆ ಖಾಲಿ ಮೆಟ್ಟಿಲ ಮೇಲೆ ನಿಂತು ಫೋಟೋ ತೆಗೆಸಿಕೊಂಡಿದ್ದಾಳೆ. ನಾನು ಕೆಳಗೇ ನಿಂತಿದ್ದೆ. ಹತ್ತಲು ಅವತ್ತು ಮನಸ್ಸು ಬರಲಿಲ್ಲ.

ನಾನು ಈಗಲೂ ಎರಡು ದೇಶದ ಗೀತೆಗೂ ನಿಲ್ಲುತ್ತೇನೆ. ಮಂಡಿಯೂರಲು ನನ್ನಿಂದ ಆಗೋದಿಲ್ಲ. ಆದರೆ ಮಂಡಿಯೂರಿದವನನ್ನು ನೋಡಿದರೆ ಈಗ ಮೊದಲು ಬರುವ ಪ್ರಶ್ನೆ ಬೇರೆ. ಇವನಿಗೆ ಎಲ್ಲಿ ನೋವಾಗಿದೆ?

ಮರುದಿನ ಬೆಳಿಗ್ಗೆ ಶಾಲೆಗೆ ಹೋದೆವು. ಜಡಿಮಳೆ. ಈಗಿನ ಮೇಷ್ಟ್ರು ಹಗ್ಗ ಎಳೆದರು, ಎಸಳು ಉದುರಿತು, ಬಾವುಟ ಕಂಬಕ್ಕೆ ಅಂಟಿಕೊಂಡಿತು. ನಮ್ಮ ಮೇಷ್ಟ್ರಿಗೆ ಕುರ್ಚಿ ಹಾಕಿದ್ದರು. ಗೀತೆ ಶುರುವಾದಾಗ ಕುರ್ಚಿಯ ಬೆನ್ನು ಹಿಡಿದು ಎದ್ದು ನಿಂತರು. ಅವರ ಪಕ್ಕದಲ್ಲೇ ನನ್ನ ಮಗಳು. ಅರ್ಧ ಗೀತೆ ಆಗಿತ್ತು, ಅವಳು ಸಣ್ಣಗೆ ಕೂಗಿ, ಒಂದು ಮೊಣಕಾಲು ಊರಿ, ಕಾಲುಚೀಲ ಇಳಿಸತೊಡಗಿದಳು. ಉಂಬಳ. ಎಳೆದರೂ ಬರುತ್ತಿರಲಿಲ್ಲ. ಮೇಷ್ಟ್ರು ಒಮ್ಮೆ ಅವಳನ್ನು ನೋಡಿದರು, ಒಮ್ಮೆ ನನ್ನನ್ನು. ಆಮೇಲೆ ಬಾವುಟದ ಕಡೆ ತಿರುಗಿದರು. ಒಂದು ಕೈ ಮಾತ್ರ ಕುರ್ಚಿ ಬಿಟ್ಟು ಅವಳ ತಲೆಯ ಮೇಲೆ ಹೋಗಿ, ಗೀತೆ ಮುಗಿಯುವವರೆಗೂ ಅಲ್ಲೇ ಇತ್ತು.

ಜೈ ಹಿಂದ್ ಆದ ಮೇಲೆ ಮೇಷ್ಟ್ರು ಜೇಬಿನಿಂದ ಸುಣ್ಣದ ಡಬ್ಬಿ ತೆಗೆದರು. ಕಷ್ಟಪಟ್ಟು ಬಗ್ಗಿ ಬೆರಳ ತುದಿಯಲ್ಲಿ ಉಂಬಳದ ಮೇಲೆ ಸುಣ್ಣ ಹಚ್ಚಿದರು. ಅದು ಮುದುಡಿ ಬಿತ್ತು.

"ತುರಿಸ್ಬೇಡ ಮಗಾ, ಜಾಸ್ತಿ ಆಗ್ತದೆ" ಅಂದರು.