ಮಂಜಮ್ಮನವರಂಥವರನ್ನು ಶಾಲೆಗೂ ಕರೆಯೋಣ

ಶಾಲೆಗೆ ಅತಿಥಿಗಳಾಗಿ ಪೊಲೀಸರು ಬರುತ್ತಾರೆ, ಡಾಕ್ಟರು ಬರುತ್ತಾರೆ. ಒಬ್ಬ ಟ್ರಾನ್ಸ್‌ಜೆಂಡರ್ ಅತಿಥಿಯನ್ನು ಕರೆಯೋಣ ಅಂದರೆ ಮಾತ್ರ ‘ಪೋಷಕರು ಏನಂತಾರೋ’ ಅನ್ನುವ ಭಯ.

2021ರ ನವೆಂಬರ್ ನೆನಪಿದೆ ಅಲ್ವಾ? ಪದ್ಮಶ್ರೀ ತೆಗೆದುಕೊಳ್ಳುವಾಗ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು ತಮ್ಮ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ನಾವೆಲ್ಲ ಆ ವಿಡಿಯೋ ಹಂಚಿಕೊಂಡು ಹೆಮ್ಮೆಪಟ್ಟೆವು. ಅದೇ ತಿಂಗಳು, ಟ್ರಾನ್ಸ್‌ಜೆಂಡರ್ ಮಕ್ಕಳನ್ನು ಶಾಲೆಯಲ್ಲಿ ಹೇಗೆ ನೋಡಿಕೊಳ್ಳಬೇಕು ಅಂತ ಶಾಲಾ ಪಠ್ಯಪುಸ್ತಕ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಶಿಕ್ಷಕರಿಗಾಗಿ ಮಾಡಿದ್ದ ಕೈಪಿಡಿ, ಆಕ್ಷೇಪ ಬಂದ ಕೂಡಲೇ ವೆಬ್‌ಸೈಟಿನಿಂದ ಮಾಯವಾಯಿತು. ಶೌಚಾಲಯ, ಯೂನಿಫಾರ್ಮಿನಂಥ ದಿನನಿತ್ಯದ ವಿಷಯಗಳೂ ಅದರಲ್ಲಿ ಇದ್ದವು. ನನಗೆ ಇವತ್ತಿಗೂ ಬೇಜಾರಿದೆ.

ಗೇ, ಲೆಸ್ಬಿಯನ್ ಮಕ್ಕಳ ಮಾತಂತೂ ಯಾರೂ ಎತ್ತುವುದೇ ಇಲ್ಲ. ಒಬ್ಬ ಹುಡುಗನ ನಡಿಗೆ ಅಣಕಿಸಿ ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟುತ್ತಾರೆ, ಕ್ಲಾಸೆಲ್ಲ ನಗುತ್ತದೆ. ಇಂಟರ್‌ವಲ್ಲಿನಲ್ಲಿ ಅವನು ಟಾಯ್ಲೆಟ್ಟಿಗೂ ಹೋಗದೆ ಅಲ್ಲೇ ಕೂತಿರುತ್ತಾನೆ. ಅಂಥ ಮಗುವಿನ ಎದುರು ತನ್ನಂತೆಯೇ ಬೆಳೆದು ದೊಡ್ಡವರಾದ ಒಬ್ಬರು ನಿಂತು ಅರ್ಧ ಗಂಟೆ ಮಾತಾಡಿದರೂ ಸಾಕು, ಎಷ್ಟೋ ಧೈರ್ಯ ಬರುತ್ತದೆ. ನಕ್ಕ ಮಕ್ಕಳಿಗೂ ಅದು ಬೇಕು.

ಮುಂದಿನ ಪೋಷಕರ ಮೀಟಿಂಗಿನಲ್ಲಿ ನಾನು ಕೇಳುತ್ತೇನೆ. ನಿಮ್ಮ ಮಕ್ಕಳ ಶಾಲೆಯಲ್ಲಿ ನೀವೂ ಕೇಳಿ.