ಮೊದಲು ಮಣ್ಣು ಬೆಚ್ಚಗಾಗಲಿ

ಚಳಿ ಹಿಮ್ಮೆಟ್ಟಿ ಹಗಲಿನ ಬಿಸಿಲಿಗೆ ಒಂದಿಷ್ಟು ಚುರುಕು ಬರುತ್ತಿದ್ದಂತೆ ಕೈತೋಟ ಆರಂಭಿಸಬೇಕೆಂಬ ಹುಮ್ಮಸ್ಸು ಬಹಳ ಜನರಿಗೆ ಬರುತ್ತದೆ. ಆದರೆ ವಸಂತದ ಆರಂಭದಲ್ಲಿ ನಮ್ಮ ಮೈಗೆ ಹಿತವೆನಿಸುವ ಗಾಳಿಗೂ ಬೀಜದ ಸುತ್ತಲಿನ ಮಣ್ಣಿಗೂ ಉಷ್ಣಾಂಶದಲ್ಲಿ ದೊಡ್ಡ ಅಂತರವಿರುತ್ತದೆ. ಚಳಿಗಾಲದ ತೇವವನ್ನೆಲ್ಲ ಹಿಡಿದುಕೊಂಡಿರುವ ಮಣ್ಣು ಬೇಗ ಕಾಯುವುದಿಲ್ಲ, ಏಕೆಂದರೆ ನೀರನ್ನು ಬಿಸಿ ಮಾಡಲು ಒಣಮಣ್ಣನ್ನು ಬಿಸಿ ಮಾಡುವುದಕ್ಕಿಂತ ಹೆಚ್ಚಿನ ಶಾಖ ಬೇಕು. ಆದ್ದರಿಂದ ಹೊಸದಾಗಿ ತೋಟ ಮಾಡುವವರು ಮೊದಲು ಏನನ್ನು ಕೊಳ್ಳಬೇಕೆಂದು ಕೇಳಿದರೆ, ನಾನು ಗುದ್ದಲಿಗಿಂತ ಮುಂಚೆ ಮಣ್ಣಿಗೆ ಚುಚ್ಚಿ ಅಳೆಯುವ ಥರ್ಮಾಮೀಟರನ್ನು ಹೆಸರಿಸುತ್ತೇನೆ. ಅದನ್ನು ಐದರಿಂದ ಹತ್ತು ಸೆಂಟಿಮೀಟರ್ ಆಳಕ್ಕೆ ಇಳಿಸಿ, ಬೆಳಗಿನ ಹೊತ್ತು, ಸತತವಾಗಿ ಕೆಲವು ದಿನ ನೋಡಬೇಕು. ಮಧ್ಯಾಹ್ನ ಒಮ್ಮೆ ನೋಡಿದ ಅಂಕಿ ಆಸೆ ಹುಟ್ಟಿಸುತ್ತದೆಯೇ ಹೊರತು ಬೀಜ ಕಳೆಯಬೇಕಾದ ರಾತ್ರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಅವಸರದಿಂದ ಲಾಭ ಎಷ್ಟು ಕಡಿಮೆ ಎಂಬುದಕ್ಕೆ ಬಟಾಣಿಯೇ ಸಾಕ್ಷಿ. ಚಳಿಯನ್ನು ಚೆನ್ನಾಗಿ ತಾಳುವ ಈ ಬೆಳೆ 5 ಡಿಗ್ರಿ ಸೆಲ್ಸಿಯಸ್‌ನಷ್ಟು ತಣ್ಣಗಿನ ಮಣ್ಣಿನಲ್ಲಿಯೂ ಮೊಳೆಯುತ್ತದೆ, ನಿಜ. ಆದರೆ ಅದಕ್ಕೆ ಒಂದು ತಿಂಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. 10 ಡಿಗ್ರಿಯಲ್ಲಿ ಎರಡು ವಾರ, 15 ಡಿಗ್ರಿಯಲ್ಲಿ ಸುಮಾರು 9 ದಿನ ಸಾಕು. ಎಂದರೆ ಮೂರು ವಾರ ತಡವಾಗಿ ಬಿತ್ತಿದವರ ಬಟಾಣಿ ಮೊದಲು ಬಿತ್ತಿದವರದರ ಜೊತೆಜೊತೆಗೇ ಮೇಲೆ ಬರಬಹುದು, ಅದೂ ಕೊಳೆಯದೆ, ಇಲಿ ಹುಳಗಳ ಬಾಯಿಗೆ ಬೀಳದೆ. ಪಾಲಕ್, ಲೆಟ್ಯೂಸ್, ಮೂಲಂಗಿ, ಈರುಳ್ಳಿಗಳೂ ಇದೇ ಗುಂಪಿಗೆ ಸೇರಿದವು, ಮಣ್ಣು 7ರಿಂದ 10 ಡಿಗ್ರಿಗೆ ಬಂದರೆ ಇವುಗಳನ್ನು ಧೈರ್ಯವಾಗಿ ಬಿತ್ತಬಹುದು. ಬೀನ್ಸ್, ಸೌತೆ, ಬೆಂಡೆ, ಕುಂಬಳ ಜಾತಿಯವುಗಳಿಗೆ ಕನಿಷ್ಠ 16 ಡಿಗ್ರಿಯಾದರೂ ಬೇಕು. ಅದಕ್ಕೂ ಮೊದಲೇ ಹಾಕಿದ ಬೀನ್ಸ್ ಬೀಜ ತಣ್ಣೀರನ್ನು ಕುಡಿದು ಊದಿಕೊಂಡು, ಮೊಳೆಯುವ ಬದಲು ಮೆತ್ತಗಾಗಿ ಕೊಳೆತುಹೋಗುತ್ತದೆ.

ಉಷ್ಣಾಂಶದಷ್ಟೇ ಮುಖ್ಯವಾದದ್ದು ಮಣ್ಣಿನ ಹದ. ಒಂದು ಹಿಡಿ ಮಣ್ಣನ್ನು ತೆಗೆದುಕೊಂಡು ಮುಷ್ಟಿಯಲ್ಲಿ ಗಟ್ಟಿಯಾಗಿ ಒತ್ತಿ, ಆಗುವ ಉಂಡೆಯನ್ನು ಹೆಬ್ಬೆರಳಿನಿಂದ ಮೆಲ್ಲನೆ ತಟ್ಟಿ ನೋಡಬೇಕು. ಉಂಡೆ ಪುಡಿಯಾಗಿ ಬಿದ್ದರೆ ಅಗೆಯಲು ಅಡ್ಡಿಯಿಲ್ಲ. ಬೆರಳಿನ ಗುರುತು ಮಾತ್ರ ಮೂಡಿ ಉಂಡೆ ಹಾಗೆಯೇ ನಿಂತರೆ, ಅಂಗೈಗೆ ಜಿಗುಟು ಅಂಟಿಕೊಂಡರೆ, ಗುದ್ದಲಿಯನ್ನು ಮೂಲೆಗಿಟ್ಟು ಕೆಲವು ದಿನ ಕಾಯುವುದೇ ಸರಿ. ಜೇಡಿ ಹೆಚ್ಚಿರುವ ಮಣ್ಣನ್ನು ಒದ್ದೆಯಿರುವಾಗ ಅಗೆದರೆ, ಇಲ್ಲವೇ ತುಳಿದರೆ, ಬೇರಿಗೆ ಗಾಳಿಯನ್ನೂ ನೀರನ್ನೂ ತಲುಪಿಸುವ ಸಣ್ಣ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ. ಒಣಗಿದ ಮೇಲೆ ಆ ಮಣ್ಣು ಇಟ್ಟಿಗೆಯಂಥ ಹೆಂಟೆಗಳಾಗಿ, ಆ ವರ್ಷದ ಬೆಳೆ ಮುಗಿಯುವವರೆಗೂ ಒಡೆಯದೆ ಕಾಡುತ್ತದೆ. ಏರುಮಡಿ ಮಾಡಿಕೊಂಡರೆ ನೀರು ಬೇಗ ಬಸಿದು ಮಣ್ಣೂ ಬೇಗ ಬೆಚ್ಚಗಾಗುವುದರಿಂದ ಹೀಗೆ ಕಾದು ಕೂರಬೇಕಾದ ದಿನಗಳು ಸ್ವಲ್ಪ ಕಡಿಮೆಯಾಗುತ್ತವೆ.

ಜಾಗದ ಆಯ್ಕೆಯಲ್ಲಿ ವಸಂತದ ಆರಂಭ ಎರಡು ಬಗೆಯಲ್ಲಿ ಮೋಸ ಮಾಡುತ್ತದೆ. ಎಲೆ ಉದುರಿಸಿದ ಮರದ ಕೆಳಗೆ ಈಗ ಧಾರಾಳವಾಗಿ ಬಿಸಿಲು ಬೀಳುತ್ತಿರಬಹುದು, ಆದರೆ ಒಂದೆರಡು ತಿಂಗಳಲ್ಲಿ ಮರ ಚಿಗುರಿ ಅಲ್ಲಿ ದಟ್ಟ ನೆರಳು ಕವಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಸೂರ್ಯ ಇನ್ನೂ ಕೆಳಮಟ್ಟದಲ್ಲಿ ಸಾಗುವ ಕಾರಣ ಈಗ ಗೋಡೆಯ ಉದ್ದ ನೆರಳಿನಲ್ಲಿರುವ ಜಾಗ ಬೇಸಿಗೆಯಲ್ಲಿ ಒಳ್ಳೆಯ ಬಿಸಿಲಿಗೆ ತೆರೆದುಕೊಳ್ಳಬಹುದು. ಟೊಮೆಟೊ, ಬದನೆ, ಸೌತೆಯಂತಹ ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಆರರಿಂದ ಎಂಟು ಗಂಟೆ ನೇರ ಬಿಸಿಲು ಬೇಕು. ಸೊಪ್ಪುಗಳು ಮೂರು ನಾಲ್ಕು ಗಂಟೆಯಲ್ಲಿಯೂ ಸುಧಾರಿಸಿಕೊಳ್ಳುತ್ತವೆ. ವಿಸ್ತೀರ್ಣದ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಮೊದಲ ವರ್ಷ ಒಂದೇ ಮಡಿ ಸಾಕು. ಅದರ ಅಗಲ 1.2 ಮೀಟರ್ ಮೀರದಿದ್ದರೆ ಎರಡೂ ಬದಿಯಿಂದ ನಡುವಿನವರೆಗೆ ಕೈ ಎಟುಕುತ್ತದೆ, ಮಡಿಯೊಳಗೆ ಕಾಲಿಡುವ ಪ್ರಸಂಗವೇ ಬರುವುದಿಲ್ಲ.

ಗೊಬ್ಬರದ ವಿಷಯ ಅಷ್ಟೇನೂ ಜಟಿಲವಲ್ಲ. ಚೆನ್ನಾಗಿ ಕಳಿತು ಮಣ್ಣಿನ ವಾಸನೆ ಬರುವ ಕಾಂಪೋಸ್ಟನ್ನು ಮೂರರಿಂದ ಐದು ಸೆಂಟಿಮೀಟರ್ ದಪ್ಪಕ್ಕೆ ಹರಡಿ ಮೇಲ್ಮಣ್ಣಿನಲ್ಲಿ ಬೆರೆಸಿದರೆ ಸಾಕು. ಹಸಿ ಸಗಣಿಯನ್ನು ಈ ಕಾಲದಲ್ಲಿ ಹಾಕಬಾರದು. ಅದು ಎಳೆಯ ಬೇರನ್ನು ಸುಡುವುದಲ್ಲದೆ, ಹಸಿಯಾಗಿ ತಿನ್ನುವ ಸೊಪ್ಪು ಗಡ್ಡೆಗಳಿಗೆ ರೋಗಾಣುಗಳನ್ನೂ ಅಂಟಿಸಬಲ್ಲದು. ಹಸಿ ಮರದ ಹೊಟ್ಟನ್ನು ಮಣ್ಣಿನೊಳಗೆ ಬೆರೆಸುವುದೂ ಬೇಡ, ಏಕೆಂದರೆ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಗಿಡಕ್ಕೆ ಸಿಗಬೇಕಾದ ಸಾರಜನಕವನ್ನು ತಾವೇ ಬಳಸಿಕೊಳ್ಳುತ್ತವೆ.

ಬಿತ್ತುವಾಗ ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಸಾಕೆಂಬ ನಿಯಮ ಬಹುತೇಕ ಎಲ್ಲದಕ್ಕೂ ಹೊಂದುತ್ತದೆ. ತಾಳ್ಮೆ ಬೇಡುವುದು ಕ್ಯಾರೆಟ್. ತಣ್ಣಗಿನ ಮಣ್ಣಿನಲ್ಲಿ ಅದು ಎರಡು ಮೂರು ವಾರ ತೆಗೆದುಕೊಳ್ಳುತ್ತದೆ, ಅಷ್ಟರೊಳಗೆ ಮೇಲ್ಪದರ ಒಂದು ದಿನ ಒಣಗಿ ಹೆಪ್ಪುಗಟ್ಟಿದರೂ ಕೂದಲಿನಷ್ಟು ತೆಳ್ಳಗಿನ ಮೊಳಕೆಗೆ ಅದನ್ನು ಸೀಳಿ ಮೇಲೆ ಬರುವ ಶಕ್ತಿಯಿರುವುದಿಲ್ಲ. ಆ ಸಾಲಿನಲ್ಲಿಯೇ ಅಲ್ಲಲ್ಲಿ ಮೂಲಂಗಿ ಬೀಜ ಉದುರಿಸಿದರೆ, ಅದು ಮೊದಲೇ ಎದ್ದು ಮಣ್ಣಿನ ಹೆಪ್ಪನ್ನು ಒಡೆಯುತ್ತದೆ, ಸಾಲು ಎಲ್ಲಿದೆಯೆಂದು ತೋರಿಸುತ್ತದೆ, ಕ್ಯಾರೆಟ್‌ಗೆ ಜಾಗ ಬೇಕಾಗುವ ಹೊತ್ತಿಗೆ ಕೊಯ್ಲಾಗಿಯೂ ಹೋಗುತ್ತದೆ. ಒತ್ತೊತ್ತಾಗಿ ಬಂದ ಕ್ಯಾರೆಟ್ ಸಸಿಗಳನ್ನು ಕೀಳುವ ಬದಲು ಕತ್ತರಿಯಿಂದ ಬುಡಕ್ಕೆ ಕತ್ತರಿಸುವುದು ಮೇಲು. ಕಿತ್ತರೆ ಪಕ್ಕದವುಗಳ ಬೇರೂ ಅಲುಗುತ್ತದೆ.

ಟೊಮೆಟೊ ಸಸಿಗಳನ್ನು ಮನೆಯೊಳಗೆ ಬೆಳೆಸಿಕೊಳ್ಳುವವರು, ಹಿಮಗಟ್ಟುವ ಕೊನೆಯ ರಾತ್ರಿಗೆ ಆರರಿಂದ ಎಂಟು ವಾರ ಮೊದಲು ಬೀಜ ಹಾಕಬೇಕು. ಇನ್ನೂ ಮುಂಚೆ ಹಾಕಿದರೆ ಕಿಟಕಿಯ ಮಂದ ಬೆಳಕಿನಲ್ಲಿ ಸಸಿಗಳು ಸೊರಗಿ ಉದ್ದವಾಗುತ್ತವೆ, ಅತಿಯಾದ ನೀರು ಸೇರಿದರೆ ಬುಡಕೊಳೆತ ಬಂದು ಒಂದೇ ರಾತ್ರಿಯಲ್ಲಿ ನೆಲಕ್ಕೊರಗುತ್ತವೆ. ನೆಡುವ ಮುನ್ನ ಒಂದು ವಾರದಿಂದ ಹತ್ತು ದಿನ ಅವುಗಳನ್ನು ಮೊದಲು ನೆರಳಿನಲ್ಲಿ, ಆಮೇಲೆ ಬಿಸಿಲಿನಲ್ಲಿ, ದಿನದಿನಕ್ಕೂ ಹೆಚ್ಚು ಹೊತ್ತು ಹೊರಗಿಟ್ಟು ಒಗ್ಗಿಸಬೇಕು. ಹಿಮಗಟ್ಟುವ ಕೊನೆಯ ದಿನವೆಂದು ಪಟ್ಟಿಗಳಲ್ಲಿ ಕೊಡುವುದು ಹಿಂದಿನ ವರ್ಷಗಳ ಸರಾಸರಿಯಷ್ಟೇ, ಅದರಾಚೆಗೂ ಚಳಿ ಬೀಳುವ ವರ್ಷಗಳು ಸಾಕಷ್ಟಿರುತ್ತವೆ. ಆಕಾಶ ಶುಭ್ರವಾಗಿ, ಗಾಳಿ ಅಲುಗದೆ ನಿಂತ ಸಂಜೆ ಅಪಾಯದ ಸೂಚನೆ. ಅಂದು ಸೂರ್ಯ ಮುಳುಗುವ ಮೊದಲೇ, ನೆಲದಲ್ಲಿರುವ ಶಾಖ ಹೊರಟುಹೋಗುವ ಮುಂಚೆ, ಗಿಡಗಳ ಮೇಲೆ ಹಳೆಯ ಬಟ್ಟೆಯನ್ನು ನೆಲ ಮುಟ್ಟುವಂತೆ ಹೊದಿಸಿ ಬೆಳಿಗ್ಗೆ ತೆಗೆಯಬೇಕು.

ಒಣಹುಲ್ಲಿನ ಹೊದಿಕೆಗೆ ಮಾತ್ರ ಈಗಲೇ ಅವಸರ ಬೇಡ. ಅದು ಬಿಸಿಲನ್ನು ತಡೆದು ಮಣ್ಣನ್ನು ತಣ್ಣಗೇ ಉಳಿಸುತ್ತದೆ. ಬೇಸಿಗೆಯ ಬೆಳೆಗಳನ್ನು ನೆಟ್ಟು, ಮಣ್ಣು ಚೆನ್ನಾಗಿ ಬೆಚ್ಚಗಾದ ಮೇಲೆ ಹಾಕಿದರೆ ತೇವವೂ ಉಳಿಯುತ್ತದೆ, ಕಳೆಯೂ ತಗ್ಗುತ್ತದೆ. ಆ ಹೊತ್ತಿಗೆ ಬಿಸಿಲಿಗೆ ಸೋತು ಕಾಯಿ ಬಿಡುವುದನ್ನು ನಿಲ್ಲಿಸುವ ಬಟಾಣಿ ಬಳ್ಳಿಗಳನ್ನು ಬುಡಕ್ಕೆ ಕತ್ತರಿಸಿ, ಬೇರನ್ನು ಮಣ್ಣಿನಲ್ಲಿಯೇ ಬಿಟ್ಟು, ಅವು ಹಬ್ಬಿದ್ದ ಹಂದರಕ್ಕೇ ಸೌತೆಬಳ್ಳಿಯನ್ನು ಹಬ್ಬಿಸಬಹುದು.